‘ಲೈನ್ ಕಟ್ ಮಾಡಿ’ ಅಂದರೆ ಏನು ಮಾಡಬೇಕು?

ಊರಿನ ಮನೆಗೆ ಫೈಬರ್ ಬಂತು. ಅದರ ಮೋಡೆಮ್ಮಿನಲ್ಲೇ ಫೋನಿಗೂ ಒಂದು ತೂತು ಇದೆ. ಅಲ್ಲಿಗೆ ಸಿಕ್ಕಿಸಿದ ಫೋನ್ ಮಾತ್ರ ಹೊಡೆದುಕೊಳ್ಳುತ್ತದೆ. ಅಡುಗೆಮನೆ, ಮಹಡಿ ಎಲ್ಲಾ ಕಡೆ ಲ್ಯಾಂಡ್‌ಲೈನ್ ಕಾಲದ ವೈರು ಗೋಡೆಯೊಳಗೆ ಸುಮ್ನೆ ಬಿದ್ದಿದೆ. ಮೋಡೆಮ್ಮಿನಿಂದ ಅದಕ್ಕೇ ಜೋಡಿಸಿದರೆ ಇಂಟರ್‌ನೆಟ್ ಫೋನ್ ಮನೆಯಲ್ಲೆಲ್ಲಾ ಸಿಗುತ್ತದೆ. ಹೇಗೆ ಅಂತ ಅಪ್ಪನಿಗೆ ಬರೆದು ಕಳಿಸಿದೆ. ಮೊದಲ ಸಾಲು: ‘ಕಂಬದಿಂದ ಬರುವ ಲೈನ್ ಕಟ್ ಮಾಡಿ.’

ಅಮ್ಮ ಓದಿ, ‘ಯಾರ ಜೊತೇನೂ ಮಾತಾಡ್ತಾನೇ ಇಲ್ಲ, ಕಟ್ ಮಾಡೋದೇನು?’ ಅಂದರಂತೆ. ಅಪ್ಪ ಇಕ್ಕಳ ತಗೊಂಡು, ಕಂಬದ ಲೈನ್ ಮನೆಯ ವೈರಿಗೆ ಸೇರುವ ಜಗಲಿಯ ಡಬ್ಬಿ ಹತ್ತಿರ ಕಚಕ್ ಅನ್ನಿಸಿದರು. ಮನೆಯೊಳಗೆ ಹೋಗುವ ವೈರನ್ನೂ ಸೇರಿಸಿ! ನಾನು ಅಂದುಕೊಂಡಿದ್ದು ಎರಡು ಸ್ಕ್ರೂ ಸಡಿಲಿಸಿ ತುದಿ ಈಚೆ ತೆಗೆಯುವುದು, ಅಷ್ಟೇ.

ತಪ್ಪು ನನ್ನದೇ. ‘ಕಟ್’ ಮೂರು ಕೆಲಸ ಮಾಡುತ್ತದೆ. ಮಾತು ಮುಗಿಸಿ ಫೋನ್ ಇಡುವುದೂ ಕಟ್. ಬಿಲ್ ಕಟ್ಟದಿದ್ದರೆ ಲೈನ್ ಕಟ್. ಇಕ್ಕಳದ್ದಂತೂ ಕಟ್ಟೇ. ಈ ಹೆಜ್ಜೆ ಬಿಡುವ ಹಾಗೂ ಇಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ಕಂಬದ ಮೇಲೆ ಬರುವ ಹಳೇ ಲೈನಿನಲ್ಲಿ ಸುಮಾರು 48 ವೋಲ್ಟ್ ಇರುತ್ತದೆ, ಗಂಟೆ ಹೊಡೆಯುವಾಗ ಇನ್ನೂ ಜಾಸ್ತಿ. ಆ ಲೈನಿಗೆ ಜೀವ ಇದ್ದು ಹೊಸದರ ಜೊತೆ ಸೇರಿಕೊಂಡರೆ ಮೋಡೆಮ್ ಕೆಡಬಹುದು.

ಹಾಗಾದರೆ ಯಾವ ಪದ? ‘ಸಂಪರ್ಕ ಕಡಿತಗೊಳಿಸಿ’ ಕರೆಂಟಿನವರ ನೋಟಿಸಿನಂತಿದೆ, ಅದರಲ್ಲೂ ‘ಕಡಿ’ ಅಡಗಿದೆ. ‘ಬಿಡಿಸಿ’ ಅಂತ ಬರೆದರೆ, ಅಪ್ಪ ಅವರೆಕಾಯಿ ಬಿಡಿಸಿದ ಹಾಗೆ ವೈರಿನ ಸಿಪ್ಪೆ ಸುಲಿದಾರು. ‘ಬಿಚ್ಚಿ’ ಪರವಾಗಿಲ್ಲ, ಆದರೆ ಬಿಚ್ಚುವುದು ಸ್ಕ್ರೂವನ್ನೋ ವೈರನ್ನೋ ಡಬ್ಬಿಯನ್ನೋ? ನನ್ನ ಒಲವು ‘ಕಳಚಿ’ ಕಡೆಗೆ. ಬಳೆ, ಚಪ್ಪಲಿ, ಸರದ ಕೊಂಡಿ ಎಲ್ಲಾ ಕಳಚುತ್ತೇವೆ, ಬೇಕಾದಾಗ ಮತ್ತೆ ಹಾಕುತ್ತೇವೆ. ‘ಕಂಬದ ಲೈನಿನ ತುದಿ ಕಳಚಿ’ ಅಂದರೆ ಇಕ್ಕಳ ಕೈಗೆ ಬರಲ್ಲ ಅಲ್ವಾ?

ಇನ್ನೊಂದು ಸಣ್ಣ ಅನುಮಾನ. ಒಂದೇ ನಂಬರಿಗೆ ಕೋಣೆಗೊಂದು ಫೋನ್ ಇದ್ದರೆ ನಮ್ಮ ಕಡೆ ‘ಪ್ಯಾರಲಲ್’ ಅಂತಾರೆ. ‘ಸಮಾಂತರ’ ಗಣಿತದ ಪುಸ್ತಕಕ್ಕೆ ಸರಿ. ‘ಕವಲು ಫೋನ್’ ಅನ್ನಬಹುದೇ? ಕವಲೊಡೆದ ದಾರಿಗಳು ಬೇರೆ ಬೇರೆ ಊರಿಗೆ ಹೋಗುತ್ತವೆ. ಇಲ್ಲಿ ಅಡುಗೆಮನೆಯಲ್ಲಿ ಎತ್ತಿದರೂ ಮಹಡಿಯ ಮಾತೇ ಕೇಳಿಸುತ್ತದೆ. ಹಾಗಾಗಿ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ.

ಅಪ್ಪ ವೈರು ಹೊಸೆದು ಟೇಪ್ ಸುತ್ತಿ, ಈಗ ಮೂರೂ ಫೋನ್ ಹೊಡೆದುಕೊಳ್ಳುತ್ತಿವೆ. ಕರೆಂಟ್ ಹೋದರೆ ಮೂರೂ ಒಟ್ಟಿಗೆ ಸಾಯುತ್ತವೆ, ಅದು ಬೇರೆ ಮಾತು. ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ಹೇಳಿ: ಕಂಬ ಹತ್ತುತ್ತಿದ್ದ ಲೈನ್‌ಮನ್‌ಗಳು ಈ ತುದಿ ತೆಗೆಯುವ ಕೆಲಸಕ್ಕೆ ನಿಮ್ಮಲ್ಲಿ ಏನು ಅನ್ನುತ್ತಿದ್ದರು?