ಗುಳಿಗೆಗೆ ಗುಳಿಗೆ ‘ಮುರಿಯುವುದೋ’, ‘ತಟ್ಟುವುದೋ’?

ಕಾರಟಗಿ, ಗಂಗಾವತಿ, ಸಿಂಧನೂರುಗಳ ಸುತ್ತಿನಲ್ಲಿ ಔಷಧದ ಮಾತು ಬಂದಾಗಲೆಲ್ಲ ಕೇಳಿಬರುವ ‘ಮುರಿ’ ಎಂಬ ಕ್ರಿಯಾಪದದ ವ್ಯಾಪ್ತಿ ಎಷ್ಟೆಂಬುದನ್ನು ತಿಳಿದವರಿಂದ ಖಚಿತಪಡಿಸಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ‘ಹುಳಿ ತಿನಬ್ಯಾಡ, ಔಷಧ ಮುರೀತೈತಿ’ ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಇಲ್ಲಿ ಮುರಿಯುವುದೆಂದರೆ ತುಂಡಾಗುವುದಲ್ಲ, ಔಷಧದ ಗುಣ ಕೆಲಸಕ್ಕೆ ಬಾರದಂತಾಗುವುದು. ‘ವಿಷ ಮುರಿಯಿತು’, ‘ಸೊಕ್ಕು ಮುರಿಯಿತು’ ಎನ್ನುವಾಗ ಇರುವುದೂ ಇದೇ ಅರ್ಥ.

ಪ್ರಶ್ನೆ ಎದ್ದದ್ದು ನನ್ನ ಚಿಕ್ಕಮ್ಮನಿಂದ. ಅವರಿಗೆ ಥೈರಾಯ್ಡ್ ಗ್ರಂಥಿಯ ಕೆಲಸ ಕಡಿಮೆಯಾಗಿ, ದಿನವೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಹಾರ್ಮೋನಿನ ಗುಳಿಗೆಯಾದ ಲೆವೊಥೈರಾಕ್ಸಿನ್ ನುಂಗುತ್ತಾರೆ. ಎದೆ ಹೊಡೆದುಕೊಳ್ಳುತ್ತದೆ ಎಂದು ಬಡಿತ ತಗ್ಗಿಸುವ ಮೆಟೊಪ್ರೊಲಾಲ್ ಗುಳಿಗೆಯೂ ನಡೆದಿದೆ. ಈ ಗುಳಿಗೆಗಳ ವಿವರವನ್ನು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಗೆ ಬರೆದುಕೊಡಲು ಕುಳಿತಾಗ ಅವರು, ‘ಎರಡೂ ಗುಳಿಗಿ ಒಂದನ್ನೊಂದು ಮುರಿಯಂಗಿಲ್ಲೇನು? ಒಂದು ಮುಂಜಾನೆ, ಒಂದು ರಾತ್ರಿ ತಗೊಂಡ್ರ ಆಗ್ತೈತಲ್ಲ?’ ಎಂದು ಕೇಳಿದರು. ಅದಕ್ಕೆ ಸರಿಯಾದ ಒಂದು ಕನ್ನಡ ವಾಕ್ಯ ನನ್ನ ಬಾಯಿಗೆ ಬರಲಿಲ್ಲ.

ಕಬ್ಬಿಣದ ಗುಳಿಗೆ ಮತ್ತು ಕ್ಯಾಲ್ಸಿಯಂ ಗುಳಿಗೆಗಳ ವಿಷಯದಲ್ಲಿ ‘ಮುರಿ’ ಎಂಬ ಮಾತು ಬಹಳ ಮಟ್ಟಿಗೆ ಸರಿಹೋಗುತ್ತದೆ. ಅವು ಕರುಳಿನಲ್ಲಿ ಲೆವೊಥೈರಾಕ್ಸಿನ್ನಿಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ; ಆದ್ದರಿಂದಲೇ ನಡುವೆ 4 ಗಂಟೆ ಅಂತರವಿರಲಿ ಎನ್ನುತ್ತಾರೆ, ಅಂತರವಿಟ್ಟರೆ ತೊಂದರೆ ಬಹುತೇಕ ತಪ್ಪುತ್ತದೆ. ಆದರೆ ಎದೆಬಡಿತದ ಗುಳಿಗೆಗೂ ಥೈರಾಯ್ಡ್ ಗುಳಿಗೆಗೂ ಇರುವ ಸಂಬಂಧ ಹೊಟ್ಟೆಯೊಳಗೆ ನಡೆಯುವಂಥದ್ದಲ್ಲ. ಥೈರಾಯ್ಡ್ ಹಾರ್ಮೋನು ಹೃದಯದ ಬಡಿತವನ್ನು ಏರಿಸುತ್ತದೆ, ಮೆಟೊಪ್ರೊಲಾಲ್, ಅಟೆನೊಲಾಲ್, ಪ್ರೊಪ್ರನೊಲಾಲ್‌ಗಳು ಇಳಿಸುತ್ತವೆ. ಲೆವೊಥೈರಾಕ್ಸಿನ್ ಪ್ರಮಾಣ ಹೆಚ್ಚಾದಾಗ ಬರುವ ಎದೆಬಡಿತವನ್ನು ಈ ಗುಳಿಗೆಗಳು ಮರೆಮಾಡಿಬಿಡಲೂಬಹುದು. ಗ್ರಂಥಿಯ ಕೆಲಸ ಕಡಿಮೆಯಿದ್ದವರು ಹಾರ್ಮೋನು ಸೇವಿಸಿ ಸಹಜ ಸ್ಥಿತಿಗೆ ಬಂದಂತೆ, ಮೊದಲು ಸಾಕಾಗುತ್ತಿದ್ದ ಬಡಿತದ ಗುಳಿಗೆ ಸಾಲದೆ ಹೋಗಬಹುದು. ಗ್ರಂಥಿ ಅತಿಯಾಗಿ ಕೆಲಸ ಮಾಡುವವರಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು: ಅವರ ದೇಹ ಪ್ರೊಪ್ರನೊಲಾಲನ್ನು ಬೇಗ ಕರಗಿಸಿ ಹೊರಹಾಕುತ್ತದೆ, ಕಾಯಿಲೆ ಹತೋಟಿಗೆ ಬಂದ ಮೇಲೆ ಅದೇ ಪ್ರಮಾಣ ಹೆಚ್ಚಾಗಿಬಿಡುತ್ತದೆ. ಲೆವೊಥೈರಾಕ್ಸಿನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು, ಪ್ರಮಾಣ ಬದಲಿಸಿದ ಮೇಲೆ, ಹಾರ್ಮೋನು ಸಾಕಾಗಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆಯಾದ ಟಿಎಸ್‌ಎಚ್ ನೋಡುವುದು 6ರಿಂದ 8 ವಾರಗಳ ನಂತರ. ಇಷ್ಟು ನಿಧಾನವಾಗಿ ನಡೆಯುವ ಸಂಗತಿಯಲ್ಲಿ ಒಂದನ್ನು ಮುಂಜಾನೆಗೂ ಇನ್ನೊಂದನ್ನು ರಾತ್ರಿಗೂ ಇಡುವುದರಿಂದ ಆಗುವುದೇನೂ ಇಲ್ಲ. ‘ಮುರಿ’ ಎಂದೊಡನೆ ‘ಅಂತರ ಇಟ್ಟರಾಯಿತು’ ಎಂಬ ಪರಿಹಾರ ಕೇಳುವವರ ಮನಸ್ಸಿನಲ್ಲಿ ತಾನಾಗಿ ಮೂಡುತ್ತದೆ. ನನ್ನ ಆತಂಕವೆಲ್ಲ ಇದೇ.

ಪುಸ್ತಕದ ಕನ್ನಡ ಇಲ್ಲಿ ನೆರವಿಗೆ ಬರುವುದಿಲ್ಲ. ‘ಅಡ್ಡಪರಿಣಾಮ’ ಎನ್ನುವುದು ಒಂದೇ ಔಷಧ ತಾನಾಗಿ ಮಾಡುವ ತೊಂದರೆಗೆ ನಿಂತುಹೋದ ಮಾತು. ‘ಪ್ರತಿಕ್ರಿಯೆ’ ಎಂದರೆ ಮೈಮೇಲೆ ದದ್ದು ಏಳುವುದು ನೆನಪಾಗುತ್ತದೆ. ‘ಅಂತರ್‌ಕ್ರಿಯೆ’ ಎಂಬುದು ಅರ್ಥಕ್ಕೆ ಸರಿಯಿದ್ದರೂ ಚಿಕ್ಕಮ್ಮನ ಹಾಳೆಯಲ್ಲಿ ಅದನ್ನು ಬರೆದರೆ ಬರೆಯದಿದ್ದಂತೆಯೇ. ‘ಒಂದಕ್ಕೊಂದು ಆಗಿಬರುವುದಿಲ್ಲ’ ಎನ್ನಲು ಇನ್ನಷ್ಟು ಹೆದರಿಕೆಯಾಗುತ್ತದೆ, ಏಕೆಂದರೆ ಈ ಎರಡೂ ಗುಳಿಗೆಗಳನ್ನು ವೈದ್ಯರ ನಿಗಾದಲ್ಲಿ ಒಟ್ಟಿಗೆ ಸೇವಿಸುವವರು ಎಷ್ಟೋ ಜನರಿದ್ದಾರೆ, ಆಗಿಬರುವುದಿಲ್ಲವೆಂದು ಕೇಳಿದವರು ಒಂದನ್ನು ಬಿಟ್ಟುಬಿಟ್ಟಾರು. ಬಡಿತದ ಗುಳಿಗೆಯನ್ನು ಥಟ್ಟನೆ ನಿಲ್ಲಿಸುವುದು ಹೃದಯಕ್ಕೆ ಅಪಾಯ.

ನನಗೆ ಹೊಳೆದಿರುವ ಮಾತು ‘ತಟ್ಟು’. ಬಿಸಿ ತಟ್ಟುತ್ತದೆ, ಬರದ ಬಿಸಿ ಊರಿಗೆಲ್ಲ ತಟ್ಟುತ್ತದೆ. ಒಂದು ಕಡೆ ಆದದ್ದು ಇನ್ನೊಂದು ಕಡೆಗೆ ಮುಟ್ಟುವುದು ಅದರ ಅರ್ಥ. ‘ಥೈರಾಯ್ಡ್ ಗುಳಿಗೆಯ ಪ್ರಮಾಣ ಬದಲಾದರೆ ಅದು ಎದೆಬಡಿತದ ಗುಳಿಗೆಗೂ ತಟ್ಟುತ್ತದೆ, ಆದ್ದರಿಂದ ವೈದ್ಯರಿಗೆ ಎರಡನ್ನೂ ತೋರಿಸಬೇಕು’ ಎಂದು ಬರೆದು ಓದಿದಾಗ ಚಿಕ್ಕಮ್ಮ ಅಂತರದ ಮಾತೆತ್ತಲಿಲ್ಲ, ‘ಹಂಗಾದ್ರ ಎರಡೂ ಚೀಟಿ ಒಯ್ಯಬೇಕು’ ಎಂದರು. ಅಮಿಯೊಡರಾನ್ ಎಂಬ ಗುಳಿಗೆಗೂ ಈ ಮಾತು ಹೊಂದುತ್ತದೆ. ಹೃದಯದ ಲಯ ಸರಿಪಡಿಸಲು ಕೊಡುವ ಅದರ ತೂಕದಲ್ಲಿ ಶೇಕಡ 37ರಷ್ಟು ಅಯೋಡಿನ್ ಇರುವುದರಿಂದ ಅದು ಥೈರಾಯ್ಡ್ ಗ್ರಂಥಿಗೇ ತಟ್ಟಿ, ಕೆಲವರಲ್ಲಿ ಅದರ ಕೆಲಸವನ್ನು ತಗ್ಗಿಸುತ್ತದೆ, ಕೆಲವರಲ್ಲಿ ಏರಿಸುತ್ತದೆ. ಅಲ್ಲಿ ‘ಮುರಿ’ ಎನ್ನಲು ಮುರಿಯುವಂಥದ್ದು ಏನೂ ಇಲ್ಲ. ಆದರೆ ‘ಶಾಪ ತಟ್ಟಿತು’, ‘ಪಾಪ ತಟ್ಟಿತು’ ಎಂಬ ಬಳಕೆಯೂ ಇರುವುದರಿಂದ ಈ ಪದ ಕೇಡಿನ ಕಡೆಗೇ ವಾಲುತ್ತದೆಯೋ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ.

ಇದರೊಂದಿಗೆ ಇನ್ನೊಂದು ಬಳಕೆಯನ್ನೂ ಕೇಳಲೇಬೇಕು. ನಮ್ಮಲ್ಲಿ ಬಹಳ ಮಂದಿ ರಕ್ತಪರೀಕ್ಷೆಯ ಚೀಟಿ ನೋಡಿ ‘ಥೈರಾಯ್ಡ್ ಜಾಸ್ತಿ ಆಗೈತಿ’ ಎನ್ನುತ್ತಾರೆ. ಚೀಟಿಯಲ್ಲಿ ಜಾಸ್ತಿಯಾಗಿರುವುದು ಟಿಎಸ್‌ಎಚ್, ಅಂದರೆ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚಲು ಮಿದುಳಿನ ಬುಡದ ಪಿಟ್ಯುಟರಿ ಕಳಿಸುವ ಹಾರ್ಮೋನು. ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗಲೇ ಸಾಮಾನ್ಯವಾಗಿ ಅದು ಏರುತ್ತದೆ. ಹೀಗೆ ಮಾತಿನಲ್ಲಿ ‘ಜಾಸ್ತಿ’ ಎಂದದ್ದು ದೇಹದಲ್ಲಿ ‘ಕಮ್ಮಿ’ ಆಗಿರುತ್ತದೆ, ಮತ್ತು ಎರಡಕ್ಕೂ ಚಿಕಿತ್ಸೆ ಒಂದಕ್ಕೊಂದು ವಿರುದ್ಧ. ಚೀಟಿ ಮನೆಯಲ್ಲೇ ಮರೆತು ಬಾಯಿಮಾತಿನಲ್ಲಿ ಎದೆಬಡಿತದ ಗುಳಿಗೆ ಬರೆಸಿಕೊಳ್ಳುವ ಸಂದರ್ಭದಲ್ಲಿ ಈ ಒಂದು ಪದ ಎಷ್ಟು ದಾರಿ ತಪ್ಪಿಸಬಲ್ಲದೆಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ‘ಗ್ರಂಥಿ ಸೋತಿದೆ’, ‘ಗ್ರಂಥಿ ಮೀರಿ ದುಡಿಯುತ್ತಿದೆ’ ಎಂದು ಕೆಲಸವನ್ನೇ ಹೇಳುವುದು ಮೇಲೆಂದು ನನಗೆ ತೋರುತ್ತದೆ.

‘ಐವತ್ತರ ಗುಳಿಗಿ’ ಎಂಬ ಮಾತೂ ಹಾಗೆಯೇ. ಲೆವೊಥೈರಾಕ್ಸಿನ್ ಐವತ್ತು ಎಂದರೆ 50 ಮೈಕ್ರೊಗ್ರಾಂ, ಅಟೆನೊಲಾಲ್ ಐವತ್ತು ಎಂದರೆ 50 ಮಿಲಿಗ್ರಾಂ, ನಡುವಿನ ಅಂತರ 1000 ಪಟ್ಟು. ಹಾಳೆಯಲ್ಲಿ ಅಂಕಿಯ ಜೊತೆಗೆ ಗುಳಿಗೆಯ ಹೆಸರನ್ನು ಬಿಡದೆ ಬರೆದಿದ್ದೇನೆ.

ಬಳ್ಳಾರಿ, ಸಿರುಗುಪ್ಪ, ಮಾನ್ವಿ, ಕುಷ್ಟಗಿಗಳ ಕಡೆಯವರು ದಯವಿಟ್ಟು ತಿಳಿಸಬೇಕು: ಒಂದು ಔಷಧದಿಂದ ಇನ್ನೊಂದರ ಬಲ ಏರುಪೇರಾಗುವುದಕ್ಕೆ ನಿಮ್ಮ ಮನೆಗಳಲ್ಲಿ ‘ಮುರಿ’ಯನ್ನು ಬಿಟ್ಟು ಬೇರೆ ಕ್ರಿಯಾಪದ ಇದೆಯೇ? ‘ತಟ್ಟು’ ಎಂಬುದನ್ನು ಔಷಧದ ವಿಷಯದಲ್ಲಿ, ಕೇಡಿನ ಅರ್ಥವಿಲ್ಲದೆ, ಯಾರಾದರೂ ಆಡಿದ್ದನ್ನು ಕೇಳಿದ್ದೀರಾ? ಹಾಳೆಯ ಆ ಸಾಲನ್ನು ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.