ರೀಗಾದಲ್ಲಿ ಲಾಟ್ವಿಯನ್ ಭಾಷೆಯಲ್ಲೇ ಕಾಫಿ ಕೇಳುವುದು ಹೇಗೆ?

ಕೇಳಿದವರು: ಓದುವುದಕ್ಕೆ ರೀಗಾಕ್ಕೆ ಬಂದು ಮೂರು ವಾರ ಆಯಿತು. ಕಾಫಿಯನ್ನಾದರೂ ಇಲ್ಲಿನವರ ಭಾಷೆಯಲ್ಲಿ ಕೇಳಬೇಕು ಅಂತ ಆಸೆ. ಪುಸ್ತಕ ತೆರೆದರೆ ಏಳು ವಿಭಕ್ತಿ. ಅಂಗಡಿಯಲ್ಲಿ ನಾನು ತಡವರಿಸಿದ ಕೂಡಲೇ ಅವರು ಇಂಗ್ಲಿಷಿಗೆ ಹೋಗುತ್ತಾರೆ. ಎಲ್ಲಿಂದ ಶುರು ಮಾಡಲಿ?

ಐದು ವರ್ಷದಿಂದ ಇಲ್ಲಿರುವವರು: ವಿಭಕ್ತಿಗೆ ಹೆದರಬೇಡಿ. ಶಾಲೆಯಲ್ಲಿ ‘ರಾಮನು, ರಾಮನನ್ನು’ ಅಂತ ಬಾಯಿಪಾಠ ಮಾಡಿದವರಲ್ವಾ ನಾವು. ಕಾಫಿ ಕೇಳುವುದಕ್ಕೆ ಏಳೂ ಬೇಡ, ಮೂರು ಸಾಕು.

ಮೊದಲು ಈ ವಾಕ್ಯ ಬಾಯಿಗೆ ಕೂರಲಿ: ‘ಮನ್, ಲೂದ್ಜು, ವಿಯೆನು ಕಫಿಯು.’ ಮನ್ ಅಂದರೆ ನನಗೆ, ಲೂದ್ಜು ಅಂದರೆ ದಯವಿಟ್ಟು, ಉಳಿದದ್ದು ಒಂದು ಕಾಫಿ. ಕ್ರಿಯಾಪದವೇ ಇಲ್ಲ ನೋಡಿ. ಇಂಗ್ಲಿಷಿನಲ್ಲಿ ಯೋಚಿಸಿ ‘ನಾನು’ ಅಂತ ಶುರು ಮಾಡಿದರೆ ಮುಂದೆ ಕ್ರಿಯಾಪದದ ರೂಪ ಹುಡುಕಬೇಕಾಗುತ್ತದೆ. ಕನ್ನಡದಲ್ಲಿ ಯೋಚಿಸಿ. ನಾವು ‘ನನಗೆ ಬೇಕು’, ‘ನನಗೆ ಇಷ್ಟ’ ಅನ್ನುತ್ತೇವೆ. ಅವರೂ ಹಾಗೇ: ‘ಮನ್ ವಜಗ್’, ನನಗೆ ಬೇಕು. ‘ಮನ್ ಗರ್ಶುವೊ ಕಫಿಯ’, ನನಗೆ ಕಾಫಿ ರುಚಿಸುತ್ತದೆ. ಇದು ಹೊಳೆದ ದಿನ ನನಗೆ ಈ ಭಾಷೆ ಹತ್ತಿರವಾಯಿತು.

ಒಂದು ಕಡೆ ಮಾತ್ರ ಕನ್ನಡ ದಾರಿ ತಪ್ಪಿಸುತ್ತದೆ. ನಾವು ‘ಕಾಫಿ ಕೊಡಿ’ ಅನ್ನುತ್ತೇವೆ, ‘ಕಾಫಿಯನ್ನು ಕೊಡಿ’ ಅನ್ನುವುದಿಲ್ಲ. ಇಲ್ಲಿ ಪ್ರತ್ಯಯ ಬಿಡುವ ಹಾಗಿಲ್ಲ. ಬೋರ್ಡಿನಲ್ಲಿ ‘ಕಫಿಯ’ ಅಂತ ಇರುತ್ತದೆ, ಕೇಳುವಾಗ ಅದು ‘ಕಫಿಯು’ ಆಗಬೇಕು. ನಮ್ಮ ಕಿವಿಗೆ ಅದು ‘ಕಾಫಿಯು ಬಿಸಿಯಾಗಿದೆ’ ಅನ್ನುವಾಗಿನ ಪ್ರಥಮಾ ವಿಭಕ್ತಿಯಂತೆ ಕೇಳಿಸುತ್ತದೆ, ಹಾಗಾಗಿ ನಾನು ಬಹಳ ದಿನ ಎರಡನ್ನೂ ಅದಲುಬದಲು ಮಾಡುತ್ತಿದ್ದೆ. ಕೊನೆಯಲ್ಲಿ ‘ಉ’ ಬಂದರೆ ನಮ್ಮ ‘ಅನ್ನು’ ಅಂತ ಇಟ್ಟುಕೊಳ್ಳಿ.

ಹಾಲು ಬೇಕಾದರೆ ‘ಅರ್ ಪಿಯೆನು’, ಓಟ್ಸ್ ಹಾಲಾದರೆ ‘ಅರ್ ಔಜು ಪಿಯೆನು’. ಸಕ್ಕರೆ ಬೇಡದಿದ್ದರೆ ‘ಬೆಜ್ ತ್ಸುಕುರ’. ಹಾಲಿಗೂ ಸಕ್ಕರೆಗೂ ಮೊದಲು ‘ಅರ್’ ಬಂದರೆ ಪದದ ಕೊನೆಗೆ ‘ಉ’, ‘ಬೆಜ್’ ಬಂದರೆ ‘ಅ’. ಎರಡು ಕಾಫಿಗೆ ‘ದಿವಸ್ ಕಫಿಯಸ್’, ಯಾಕೆಂದರೆ ಕಾಫಿ ಇಲ್ಲಿ ಸ್ತ್ರೀಲಿಂಗ. ಕಪುಚೀನೊ ಪುಲ್ಲಿಂಗ, ‘ದಿವುಸ್ ಕಪುಚೀನೊ’. ಆ ಪದ ಯಾವ ವಿಭಕ್ತಿಯಲ್ಲೂ ಬದಲಾಗುವುದಿಲ್ಲ. ಮೊದಲ ವಾರ ಧೈರ್ಯ ಸಾಲದಿದ್ದರೆ ಕಪುಚೀನೊ ಕೇಳಿ.

ಉಚ್ಚಾರಣೆಯಲ್ಲಿ ನಮಗೆ ಲಾಭ ಜಾಸ್ತಿ. ಇವರ ತ, ದ ನಮ್ಮವೇ, ಇಂಗ್ಲಿಷಿನ ಟ, ಡ ಅಲ್ಲ. ಸ್ವರದ ತಲೆ ಮೇಲೆ ಗೆರೆ ಇದ್ದರೆ ದೀರ್ಘ. ಜೆ ಅಕ್ಷರವನ್ನು ‘ಯ’ ಅಂತ, ಸಿ ಅಕ್ಷರವನ್ನು ‘ತ್ಸ’ ಅಂತ ಓದಬೇಕು. ಒತ್ತು ಸಾಮಾನ್ಯವಾಗಿ ಪದದ ಶುರುವಿನಲ್ಲೇ. ಆದರೆ ದಿನಾ ಬಳಸುವ ‘ಲಬ್‌ದಿಯೆನ್’ (ನಮಸ್ಕಾರ) ಮತ್ತು ‘ಪಲ್‌ದಿಯೆಸ್’ (ಧನ್ಯವಾದ) ಎರಡರಲ್ಲೂ ‘ದಿಯೆ’ ಮೇಲೆ ಒತ್ತು.

ಕೆಲಸಕ್ಕೆ ಬಂದವರು: ಇಂಗ್ಲಿಷಿಗೆ ಹೋಗುವುದರ ಬಗ್ಗೆ. ಅದು ಅಸಡ್ಡೆ ಅಲ್ಲ, ನಿಮಗೆ ಸುಲಭವಾಗಲಿ ಅಂತ. ‘ಎಸ್ ಮಾತ್ಸುವೊಸ್ ಲತ್ವಿಯೆಶು ವಲುವೊದು’ ಅನ್ನಿ, ನಾನು ಲಾಟ್ವಿಯನ್ ಕಲಿಯುತ್ತಿದ್ದೇನೆ ಅಂತ. ನನ್ನ ಅನುಭವದಲ್ಲಿ ಆಮೇಲೆ ಅವರೇ ನಿಧಾನ ಮಾಡುತ್ತಾರೆ.

ಕೇಳುವ ಪ್ರಶ್ನೆಗಳೂ ಹೆಚ್ಚಿಲ್ಲ. ‘ಉಜ್ ವಿಯೆತಸ್ ವೈ ಲೀದ್ಜ್‌ಞೆಮ್‌ಶನೈ?’ ಅಂದರೆ ಇಲ್ಲೇ ಕುಡಿಯುತ್ತೀರೋ, ಪಾರ್ಸೆಲ್ಲೋ. ದುಡ್ಡು ಕೊಡುವಾಗ ‘ಅರ್ ಕರ್ತಿ’ ಅಂದರೆ ಕಾರ್ಡಿನಲ್ಲಿ. ಎಲ್ಲ ಯೂರೋದಲ್ಲಿ, 2014ರಿಂದ. ಅಪರಿಚಿತರನ್ನು ‘ಯೂಸ್’ ಅನ್ನಿ, ನಮ್ಮ ‘ನೀವು’ ಇದ್ದ ಹಾಗೆ. ‘ತು’ ಅಂದರೆ ‘ನೀನು’, ಅದು ಸಲಿಗೆಯವರಿಗೆ.

ಒಳಗೆ ಹೋದ ಕೂಡಲೇ ‘ಲಬ್‌ದಿಯೆನ್’ ಹೇಳಿ. ಅವರು ನಗದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಇಲ್ಲಿ ಗುರುತಿಲ್ಲದವರಿಗೆ ಸುಮ್ಮನೆ ನಗುವ ರೂಢಿ ಕಡಿಮೆ. ಹೊರಡುವಾಗ ‘ಯೌಕು ದಿಯೆನು!’ ಅನ್ನಿ, ದಿನ ಚೆನ್ನಾಗಿರಲಿ ಅಂತ. ಅದರಲ್ಲೂ ಅದೇ ‘ಉ’.

ಸಸ್ಯಾಹಾರಿಯೊಬ್ಬರು: ಕಾಫಿ ಜೊತೆ ತಿನ್ನುವುದರ ಬಗ್ಗೆ ಎಚ್ಚರ. ಅರ್ಧಚಂದ್ರದ ಹಾಗಿರುವ ಪುಟ್ಟ ‘ಪೀರಾಗಿ’ ನೋಡಿದರೆ ನಮ್ಮ ಕರ್ಜಿಕಾಯಿಯ ನೆನಪಾಗುತ್ತದೆ. ಆದರೆ ಒಳಗೆ ಸಾಮಾನ್ಯವಾಗಿ ಹಂದಿಮಾಂಸ, ಈರುಳ್ಳಿ ಇರುತ್ತದೆ. ‘ವೈ ತಸ್ ಇರ್ ಬೆಜ್ ಗಲ್ಯಸ್?’ ಅಂತ ಕೇಳಿ: ಇದು ಮಾಂಸ ಇಲ್ಲದ್ದಾ? ನಮ್ಮ ‘ಆ’ ಕೊನೆಗೆ ಬರುತ್ತದೆ, ಅವರ ‘ವೈ’ ಮೊದಲೇ ಬರುತ್ತದೆ. ನನಗಂತೂ ದಾಲ್ಚಿನ್ನಿ ಬನ್ನೇ ಸಾಕು. ಕಾಫಿಗೆ ಕಪ್ಪು ಬಾಲ್ಸಮ್ ಹಾಕಲಾ ಅಂತ ಯಾರಾದರೂ ಕೇಳಿದರೆ, ಅದು ಗಿಡಮೂಲಿಕೆಯ ಮದ್ಯ, ಶೇಕಡಾ 45 ಆಲ್ಕೋಹಾಲ್.

ಯಾರಾದರೂ ಮನೆಗೆ ಕಾಫಿಗೆ ಕರೆದರೆ ಬರಿಗೈಲಿ ಹೋಗಬೇಡಿ. ಅತಿಥಿ ಒಯ್ಯುವ ತಿಂಡಿಗೆ, ಉಡುಗೊರೆಗೆ ಇವರಲ್ಲಿ ಒಂದು ಹೆಸರೇ ಇದೆ, ‘ತ್ಸಿಯೆಮಕುಕುಲಿಸ್’. ಹೂವು ಒಯ್ದರೆ ಬೆಸ ಸಂಖ್ಯೆಯಲ್ಲಿ, ಮೂರೋ ಐದೋ. ಸಮಸಂಖ್ಯೆ ಸಾವಿನ ಮನೆಗೆ. ಚಪ್ಪಲಿ, ಶೂ ಬಾಗಿಲಲ್ಲೇ ಬಿಡುವುದು ನಮ್ಮ ಹಾಗೇ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಪೂರ್ತಿ ವಾಕ್ಯ ಹೇಳಿದೆ. ಕೌಂಟರಿನಲ್ಲಿದ್ದವರು ‘ಲಿಯೆಲು ವೈ ಮಜು?’ ಅಂದರು. ಅರ್ಥ ಆಗಲಿಲ್ಲ, ಆದರೆ ಎರಡರ ಕೊನೆಗೂ ‘ಉ’ ಕೇಳಿಸಿತು. ಯಾವುದೋ ಒಂದನ್ನು ಆರಿಸು ಅಂತಿದ್ದಾರೆ ಅಂದುಕೊಂಡು ‘ಮಜು’ ಅಂದೆ. ಸಣ್ಣ ಕಪ್ ಬಂತು. ಇಂಗ್ಲಿಷ್ ಒಂದು ಪದವೂ ಬರಲಿಲ್ಲ.

ಐದು ವರ್ಷದಿಂದ ಇಲ್ಲಿರುವವರು: ಲಿಯೆಲು ಅಂದರೆ ದೊಡ್ಡದು. ನಾಳೆ ಅದನ್ನು ಕೇಳಿ.