ಮಾರುತಿ 800ಗೆ ಹಯಾಬುಸಾ ಇಂಜಿನ್: ಸ್ಪ್ರಾಕೆಟ್, ಆಯಿಲ್, ರಿವರ್ಸ್

ಕಡ್ಡಿಪೆಟ್ಟಿಗೆ:
ಮಾರುತಿ 800ರ ಖಾಲಿ ಬಾಡಿ ಇದೆ, ಸುಜುಕಿಯ ಹಳೇ ಹಯಾಬುಸಾ ಬೈಕಿನ 1299 ಸಿಸಿ ಇಂಜಿನ್ ಇದೆ. ಹಿಂದಿನ ಸೀಟಿನ ಜಾಗದಲ್ಲಿ ಕೂರಿಸಿ ಹಿಂದಿನ ಚಕ್ರಗಳಿಗೆ ಚೈನ್ ಕೊಡೋ ಯೋಚನೆ. ಬೈಕಿನ 17/40 ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ; ಇಂಜಿನ್ ಕಡೆ 17 ಹಲ್ಲು, ಹಿಂದೆ 40) ಹಾಗೇ ನಡೆಯುತ್ತಾ? ಹಿಂದಿನ ಆಕ್ಸಲ್, ರಿವರ್ಸ್ ಏನು ಮಾಡೋದು?

ತಿರುಪು_ಹತ್ತು:
17/40 ಬೇಡ. 145/70 ಆರ್12 ಟೈರಿನ ಸುತ್ತಳತೆ ಸುಮಾರು 1.6 ಮೀಟರ್. ಪ್ರೈಮರಿ (ಕ್ರ್ಯಾಂಕಿನಿಂದ ಕ್ಲಚ್ಚಿಗೆ ಹೋಗುವ ಗೇರ್) ಅನುಪಾತ 1.596, ಆರನೇ ಗೇರಿನದು 1.043. 10,000 ಆರ್‌ಪಿಎಂಗೆ ಲೆಕ್ಕ ಹಾಕಿದರೆ ಗಂಟೆಗೆ 245 ಕಿ.ಮೀ. ಬರುತ್ತೆ. ಆ ಬಾಡಿಗೆ ಅದು ಯಾಕೆ ಬೇಕು? ಮೊದಲ ಗೇರೂ ಅಷ್ಟೇ ಉದ್ದವಾಗಿ, ಹೊರಡುವಾಗಲೆಲ್ಲ ಕ್ಲಚ್ ಸುಡುತ್ತೆ. 16/56 ಹಾಕಿ, ಅನುಪಾತ 3.5, ವೇಗ ಸುಮಾರು 165. ಆದರೆ ಈ ಬೈಕಿನ 530 ಅಳತೆಯ ಚೈನಿಗೆ 56 ಹಲ್ಲಿನ ಸ್ಪ್ರಾಕೆಟ್ ಅಂದರೆ 283 ಮಿ.ಮೀ. ವ್ಯಾಸ. ಈ ಸ್ಪ್ರಾಕೆಟ್ ಹೊರುವ ಡಿಫರೆನ್ಷಿಯಲ್ (ಎರಡೂ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಜೋಡಣೆ) ಚಕ್ರದ ಮಧ್ಯಕ್ಕೇ ಕೂತರೆ ನೆಲಕ್ಕೆ ಉಳಿಯೋದು ಹತ್ತೇ ಸೆಂ.ಮೀ. ಸ್ವಲ್ಪ ಮೇಲೆ ಕೂರಿಸಿ. ಚೈನ್ ನಿಮ್ಮ ಬೆನ್ನ ಹಿಂದೆಯೇ ಓಡುತ್ತೆ, ಕನಿಷ್ಠ 2 ಮಿ.ಮೀ. ಉಕ್ಕಿನ ಗಾರ್ಡ್ ಇರಲೇಬೇಕು.

ಹಿಂದಿನ ಆಕ್ಸಲ್ ತೆಗೆದುಬಿಡಿ. ಇನ್ನೊಂದು 800ರ ಮುಂದಿನ ಸಸ್ಪೆನ್ಷನ್ ಪೂರ್ತಿ, ಅಂದರೆ ಸ್ಟ್ರಟ್, ಹಬ್, ಲೋವರ್ ಆರ್ಮ್, ಸ್ಟೆಬಿಲೈಸರ್ ಬಾರ್ ಸಮೇತ ಹಿಂದಕ್ಕೆ ತನ್ನಿ. ಟೈ ರಾಡ್‌ಗಳನ್ನು (ಚಕ್ರ ತಿರುಗಿಸುವ ಸರಳು) ಸ್ಟೀರಿಂಗ್ ರ‍್ಯಾಕಿನ ಬದಲು ಚಾಸಿಗೆ ಬೆಸೆದ ಬ್ರಾಕೆಟ್‌ಗೆ ಬಿಗಿದರೆ ಚಕ್ರ ತಿರುಗಲ್ಲ, ಟೋ (ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡುವ ಕೋನ) ಹೊಂದಿಸಲೂ ಬರುತ್ತೆ. ನಡುವೆ ಚೈನ್ ಡ್ರೈವ್ ಡಿಫರೆನ್ಷಿಯಲ್, ಅಳತೆಗೆ ಮಾಡಿಸಿದ ಡ್ರೈವ್ ಶಾಫ್ಟ್. ಇಂಜಿನ್ ಬೈಕಿನಲ್ಲಿದ್ದ ಹಾಗೆ ಮುಂದಕ್ಕೇ ಮುಖ ಮಾಡಿರಲಿ. ಸೈಲೆನ್ಸರಿಗೆ ಸುಲಭ ಅಂತ ತಿರುಗಿಸಿ ಇಟ್ಟರೆ ಆರೂ ಗೇರು ರಿವರ್ಸ್!

ಎಣ್ಣೆಗಾಣ:
ಸ್ಪ್ರಾಕೆಟ್ ಆಮೇಲೂ ಬದಲಿಸಬಹುದು, ಬೇರಿಂಗ್ ಹೋದರೆ ಇಂಜಿನ್ನೇ ಹೋಯ್ತು. ಬೈಕ್ ತಿರುವಿನಲ್ಲಿ ವಾಲುತ್ತೆ, ಹಾಗಾಗಿ ಆಯಿಲ್ ಸಂಪಿನ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ತಳದಲ್ಲೇ ಇರುತ್ತೆ. ಕಾರು ವಾಲಲ್ಲ, ಆಯಿಲ್ ಪಕ್ಕದ ಗೋಡೆ ಹತ್ತುತ್ತೆ, ಆಯಿಲ್ ಹೀರುವ ಪಿಕಪ್ ಕೊಳವೆ ಗಾಳಿ ಎಳೆಯುತ್ತೆ, ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವಲ್ಲಿಯದು) ಒಣಗುತ್ತೆ. ಉದ್ದನೆಯ ತಿರುವೇ ಅಪಾಯ. ಸಂಪಿನೊಳಗೆ ಪಿಕಪ್ ಸುತ್ತ ಒಳಮುಖವಾಗಿ ಮಾತ್ರ ತೆರೆಯುವ ಬಾಗಿಲಿನ ಬ್ಯಾಫಲ್ (ಆಯಿಲ್ ಹರಿದುಹೋಗದಂತೆ ತಡೆಯುವ ತಗಡು) ಹಾಕಿಸಿ. ಗ್ರೌಂಡ್ ಕ್ಲಿಯರೆನ್ಸಿಗೆ ಅಂತ ಸಂಪ್ ಕತ್ತರಿಸಬೇಡಿ. ಆಯಿಲ್ ಎಚ್ಚರಿಕೆ ದೀಪ ನಂಬಬೇಡಿ, ಆಯಿಲ್ ಪ್ರೆಷರ್ ಗೇಜ್ ಹಾಕಿ. ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರೋದರಿಂದ ಜಾಸೋ ಎಂಎ2 (ಮುಳುಗಿದ ಕ್ಲಚ್ಚಿನ ಬೈಕುಗಳ ಆಯಿಲ್ ದರ್ಜೆ) ಬೇಕು, ಕಾರಿನ ಆಯಿಲ್ ಸುರಿದರೆ ಕ್ಲಚ್ ಜಾರುತ್ತೆ.

ಕಡ್ಡಿಪೆಟ್ಟಿಗೆ:
ಕ್ಲಚ್ ಪೆಡಲಿಗೆ 800ರ ಕೇಬಲ್ ಸಾಕಾಗುತ್ತಾ?

ವೈರಿಂಗ್ ಮಾವ:
ಇಲ್ಲ, ಹಯಾಬುಸಾದ್ದು ಹೈಡ್ರಾಲಿಕ್. ಪೆಡಲಿಗೆ ಮಾಸ್ಟರ್ ಸಿಲಿಂಡರ್ ಕೂರಿಸಿ, ಕೆಳಗೊಂದು ಸ್ಟಾಪ್ ಬೋಲ್ಟ್ ಹಾಕಿ. ಕಾಲಿನ ಬಲಕ್ಕೆ ಇಂಜಿನ್ ಕಡೆ ಕ್ಲಚ್ ತಳ್ಳುವ ಸ್ಲೇವ್ ಪಿಸ್ಟನ್ ಮಿತಿ ಮೀರಿ ಹೊರಬಂದರೆ ಸೀಲ್ ಸೋರುತ್ತೆ. ಕ್ಲಚ್ ಸ್ಪ್ರಿಂಗ್ ಗಟ್ಟಿಯದ್ದು ಇರಲಿ, ಕಾರಿನ ಭಾರ ಬೈಕಿನ ಎರಡೂವರೆ ಪಟ್ಟಿಗಿಂತ ಜಾಸ್ತಿ.

ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್), ಹಾರ್ನೆಸ್ (ವೈರಿಂಗ್ ಕಟ್ಟು), ಥ್ರಾಟಲ್ ಬಾಡಿ ಒಂದೇ ಬೈಕಿನವು ಇರಲಿ. ಟಿಪ್ ಓವರ್ ಸೆನ್ಸರ್ ಮೂಲ ದಿಕ್ಕಿನಲ್ಲೇ ನಿಲ್ಲಬೇಕು, ಅಡ್ಡ ಕೂರಿಸಿದರೆ ಬೈಕ್ ಬಿದ್ದಿದೆ ಅಂದುಕೊಂಡು ಇಂಜಿನ್ ಆರಿಸುತ್ತೆ. ರೇಡಿಯೇಟರ್ ಮುಂದಕ್ಕೆ, ಪೈಪಿನ ಅತಿ ಎತ್ತರದ ಜಾಗದಲ್ಲಿ ಗಾಳಿ ಬಿಡಲು ಬ್ಲೀಡ್ ಸ್ಕ್ರೂ.

ಬೈಕಿನ ಗೇರ್ ಬಾಕ್ಸಿನಲ್ಲಿ ರಿವರ್ಸ್ ಇಲ್ಲ. ಅದಕ್ಕೆ ಅಗ್ಗದ ದಾರಿ: ಡಿಫರೆನ್ಷಿಯಲ್‌ಗೆ ರಿಂಗ್ ಗೇರ್ ಹಾಕಿ ಒಂದು ಸ್ಟಾರ್ಟರ್ ಮೋಟಾರ್ ಜೋಡಿಸೋದು. ನ್ಯೂಟ್ರಲ್ ಸ್ವಿಚ್ ಮೂಲಕವೇ ಕರೆಂಟ್ ಹೋಗಲಿ. ಕೆಲವು ಸೆಕೆಂಡಿಗಿಂತ ಹೆಚ್ಚು ಒತ್ತಿದರೆ ಮೋಟಾರ್ ಬಿಸಿಯಾಗುತ್ತೆ. ಇನ್ನು ಇದನ್ನು ಟ್ರ್ಯಾಕಿಗೆ ಟ್ರಕ್ಕಿನಲ್ಲೇ ಸಾಗಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಥ ಮಾರ್ಪಾಡು ಮಾಡಿದ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ.